ಪ್ರಶ್ನೆ ಕೇಳುವವರನ್ನು ನೀವೇ ಆರಿಸಿಕೊಳ್ಳಬೇಡಿ

ವಿಧಾನಸೌಧದ ಆಡಳಿತ ಪಕ್ಷದ ಸಾಲಿನಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಮೂರೂ ಕುಳಿತು ಎದ್ದಿವೆ. ಬೇರೆ ವಿಷಯಗಳಲ್ಲಿ ಅವುಗಳ ನಡುವೆ ಏನೇ ಭೇದವಿರಲಿ, ಪತ್ರಿಕೆಯ ವಿಷಯದಲ್ಲಿ ಮೂರರ ಮಾತೂ ಒಂದೇ. ವಿರೋಧ ಪಕ್ಷದಲ್ಲಿದ್ದಾಗ ನಮ್ಮ ವರದಿಯ ಪ್ರತಿಯನ್ನು ಎತ್ತಿ ಹಿಡಿದು ಸದನದ ಬಾವಿಗೆ ಇಳಿಯುತ್ತಾರೆ. ಅಧಿಕಾರಕ್ಕೆ ಬಂದ ಮೇಲೆ ಅದೇ ವರದಿಗಾರನಿಗೆ ಲಗಾಮು ಹಾಕಬೇಕು ಎನ್ನುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೆಲವನ್ನು ಪ್ರಾಮಾಣಿಕರೂ ನಂಬಿದ್ದಾರೆ, ನಮ್ಮದೇ ವೃತ್ತಿಯ ಹಿರಿಯರೂ ಆಡುತ್ತಿದ್ದಾರೆ. ಆದ್ದರಿಂದ ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವುದು. "ನಮ್ಮನ್ನು ಜನ ಆರಿಸಿ ಕಳಿಸಿದ್ದಾರೆ. ನಿಮ್ಮನ್ನು ಯಾರು ಆರಿಸಿದರು?"

ಯಾರೂ ಆರಿಸಿಲ್ಲ. ಆರಿಸಬೇಕಾದ ಅಗತ್ಯವೂ ಇಲ್ಲ, ಯಾಕೆಂದರೆ ನಮ್ಮ ಕೈಯಲ್ಲಿ ಯಾವ ಅಧಿಕಾರವೂ ಇಲ್ಲ. ವರದಿಗಾರ ಯಾರ ಮನೆಯ ಮೇಲೂ ದಾಳಿ ಮಾಡಲಾರ, ಯಾರಿಗೂ ಸಮನ್ಸ್ ಕಳಿಸಲಾರ, ಒಂದು ಟೆಂಡರನ್ನೂ ರದ್ದು ಮಾಡಲಾರ. ಕೇಳಬಹುದು, ಸಿಕ್ಕಿದ್ದನ್ನು ಬರೆಯಬಹುದು, ಅಷ್ಟೇ. ಸಂವಿಧಾನದ 19(1)(ಎ) ವಿಧಿ ರಸ್ತೆ ಬದಿಯ ತರಕಾರಿ ವ್ಯಾಪಾರಿಗೆ ಎಷ್ಟು ವಾಕ್‌ಸ್ವಾತಂತ್ರ್ಯ ಕೊಟ್ಟಿದೆಯೋ ಪತ್ರಕರ್ತನಿಗೂ ಅಷ್ಟೇ ಕೊಟ್ಟಿದೆ; ಪತ್ರಿಕೆಗಳಿಗೆಂದು ಬೇರೆ ವಿಧಿ ಬರೆದಿಲ್ಲ. ತೀರ್ಮಾನ ಕೈಗೊಳ್ಳುವ ಅಧಿಕಾರ ಶಾಸಕರಿಗೆ ಮತದಿಂದ ಬರುತ್ತದೆ. ಆ ತೀರ್ಮಾನದ ಲೆಕ್ಕ ಕೊಡುವ ಹೊಣೆಯೂ ಅದೇ ಮತದಿಂದ ಬರುತ್ತದೆ.

ಮತ ಹಾಕುವವರು ಏನು ತಿಳಿದು ಹಾಕಬೇಕು ಎಂಬುದನ್ನೂ ನೋಡೋಣ. ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅಲ್ಲಿಂದ ಪ್ರತಿ ಅಭ್ಯರ್ಥಿಯೂ ಪ್ರಮಾಣಪತ್ರ ಸಲ್ಲಿಸಬೇಕಾಯಿತು. ಆದರೆ ಆ ಕಾಗದ ತಾನಾಗಿ ಮಾತಾಡುವುದಿಲ್ಲ. ಈ ಬಾರಿಯದನ್ನು ಐದು ವರ್ಷ ಹಿಂದಿನದರ ಪಕ್ಕದಲ್ಲಿಟ್ಟು, ನಡುವೆ ಕೊಂಡ ಜಮೀನಿನ ಸರ್ವೆ ನಂಬರನ್ನು ಪಹಣಿಯಲ್ಲಿ ಹುಡುಕಿ, ಆ ಊರಿನ ಮೂಲಕ ಹೊಸ ರಸ್ತೆ ಯಾವಾಗ ಮಂಜೂರಾಯಿತು ಎಂದು ನೋಡುವವರು ಒಬ್ಬರು ಬೇಕು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ನಮ್ಮ ಶಾಸಕರೆಲ್ಲ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಗಡುವು ಮುಗಿದರೂ ಸಲ್ಲಿಸದವರ ಹೆಸರು ಜನರಿಗೆ ತಲುಪುವುದು ಯಾರೋ ಒಬ್ಬ ವರದಿಗಾರ ಆ ಪಟ್ಟಿಯನ್ನು ತಂದು ಅಚ್ಚು ಹಾಕಿದಾಗ. ನಿಮ್ಮನ್ನು ಆರಿಸಿದವರ ಪರವಾಗಿಯೇ ಆತ ಆ ಕೆಲಸ ಮಾಡುತ್ತಿದ್ದಾನೆ.

ಎರಡನೆಯದು ಇದಕ್ಕಿಂತ ಭಾರವಾದದ್ದು. "ಶಾಸಕರನ್ನು ಹೀಯಾಳಿಸಿ ಬರೆದರೆ ಸದನದ ಘನತೆಗೆ ಕುಂದು. ಅದು ಹಕ್ಕುಚ್ಯುತಿ. ಶಿಕ್ಷಿಸುವ ಅಧಿಕಾರ ಸದನಕ್ಕಿದೆ."

2017ರ ಜೂನ್‌ನಲ್ಲಿ ಈ ಮಾತು ಬರೀ ಮಾತಾಗಿ ಉಳಿಯಲಿಲ್ಲ. 'ಹಾಯ್ ಬೆಂಗಳೂರು' ಸಂಪಾದಕ ರವಿ ಬೆಳಗೆರೆ ಮತ್ತು 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜು ಅವರಿಗೆ ತಲಾ ಒಂದು ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ಎಂದು ಸ್ಪೀಕರ್ ಕೆ.ಬಿ. ಕೋಳಿವಾಡ ಪ್ರಕಟಿಸಿದರು. ಹಕ್ಕುಬಾಧ್ಯತಾ ಸಮಿತಿ ಶಿಫಾರಸು ಮಾಡಿತ್ತು, ಸದನ ಒಪ್ಪಿತು. ದೂರು ಕೊಟ್ಟವರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಬಿಜೆಪಿಯವರೂ ಇದ್ದರು. ಬೆಳಗೆರೆಯವರ ಪ್ರಕರಣದಲ್ಲಂತೂ ಶಿಕ್ಷೆ ಓದಿದ ಸ್ಪೀಕರ್, ಆ ಪೀಠಕ್ಕೆ ಬರುವ ಮುನ್ನ ತಾವೇ ನೊಂದ ಶಾಸಕರಾಗಿದ್ದವರು. ಆ ಪತ್ರಿಕೆಗಳ ಭಾಷೆ ನನಗೆ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ಆದರೆ ಪ್ರಶ್ನೆ ಅವರ ಭಾಷೆಯದಲ್ಲ. ದೂರುದಾರ, ತನಿಖೆ ಮಾಡುವವ, ತೀರ್ಪುಗಾರ ಮೂವರೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತಿರುವಾಗ ಅದನ್ನು ವಿಚಾರಣೆ ಎನ್ನಬಹುದೇ? ಪರೀಕ್ಷೆ ಬರೆದವರೇ ಉತ್ತರಪತ್ರಿಕೆ ತಿದ್ದಲು ಕೂತಂತಾಯಿತು.

ಹಕ್ಕುಬಾಧ್ಯತೆ ಎಂಬುದು ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೊಂದು ಘನವಾದ ಕಾರಣವಿದೆ. ಶಾಸಕರು ಸದನದಲ್ಲಿ ಆಡಿದ ಮಾತಿಗೆ ಯಾವ ಕೋರ್ಟಿನಲ್ಲೂ ಕೇಸು ಹಾಕುವಂತಿಲ್ಲ ಎಂದು 194(2)ನೇ ವಿಧಿ ಹೇಳುತ್ತದೆ. ಬಲಾಢ್ಯರ ವಿರುದ್ಧ ನಿರ್ಭಯವಾಗಿ ಮಾತಾಡಲಿ ಎಂದು ಕೊಟ್ಟ ರಕ್ಷಣೆ ಅದು. ಸದನದ ಹೊರಗಿನ ನಡತೆಯ ಬಗ್ಗೆ, ಜಮೀನಿನ ಬಗ್ಗೆ, ಕ್ಷೇತ್ರದ ಕಾಮಗಾರಿಯ ಬಗ್ಗೆ ಬರೆದ ಲೇಖನದಿಂದ ಸದನದ ಯಾವ ಮಾತು ನಿಂತುಹೋಯಿತು, ಯಾವ ಮತದಾನ ಕೆಟ್ಟಿತು? ಲೇಖನ ಸುಳ್ಳಾಗಿದ್ದರೆ ಮಾನನಷ್ಟ ಮೊಕದ್ದಮೆ ಇದೆ. ಅಲ್ಲಿ ಸಾಕ್ಷ್ಯವಿದೆ, ಪಾಟಿ ಸವಾಲಿದೆ, ಮೇಲ್ಮನವಿ ಇದೆ. ಆ ದಾರಿ ಫಲ ಕೊಡುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2008ರ ಒಂದು ವರದಿಗಾಗಿ ಬಿಜೆಪಿ ನಾಯಕರು ಹೂಡಿದ್ದ ಮೊಕದ್ದಮೆಯಲ್ಲಿ ಗೌರಿ ಲಂಕೇಶ್ ಅವರಿಗೆ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ಕೊಟ್ಟಿತ್ತು. ಆ ತೀರ್ಪನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅವರಿಗೆ ವಕೀಲರಿದ್ದರು, ಜಾಮೀನಿತ್ತು, ಮೇಲಿನ ಕೋರ್ಟಿತ್ತು. ಹಕ್ಕುಚ್ಯುತಿಯ ಕಟಕಟೆಯಲ್ಲಿ ಇವ್ಯಾವುವೂ ಇಲ್ಲ.

"ಬ್ರಿಟನ್ನಿನ ಸಂಸತ್ತಿನಿಂದ ಬಂದ ಅಧಿಕಾರ ಇದು" ಎನ್ನುವವರಿಗೆ ಆ ಸಂಸತ್ತು ಏನು ಮಾಡಿದೆ ಎಂದು ತಿಳಿಸಬೇಕು. ಕಾಮನ್ಸ್ ಸಭೆ ಯಾರಿಗಾದರೂ ದಂಡ ವಿಧಿಸಿದ್ದು ಕೊನೆಯ ಬಾರಿ 1666ರಲ್ಲಿ. ಪತ್ರಕರ್ತನೊಬ್ಬನನ್ನು ಸದನದ ಮುಂದೆ ಕರೆಸಿ ನಿಲ್ಲಿಸಿದ್ದು 1957ರಲ್ಲಿ. ಆತನೂ ಕ್ಷಮೆ ಕೇಳಿ ಹೊರಟ. ಆಸ್ಟ್ರೇಲಿಯಾದ ಸಂಸತ್ತು 1955ರಲ್ಲಿ ಪತ್ರಿಕೆಗೆ ಸೇರಿದ ಇಬ್ಬರನ್ನು ಮೂರು ತಿಂಗಳು ಜೈಲಿಗೆ ಹಾಕಿ ದೇಶದ ಕೋಪಕ್ಕೆ ಗುರಿಯಾಯಿತು. 1987ರಲ್ಲಿ ಅಲ್ಲಿ ಕಾಯ್ದೆಯೇ ಬಂತು: ಸದನವನ್ನೋ ಸದಸ್ಯರನ್ನೋ ನಿಂದಿಸಿದ ಮಾತ್ರಕ್ಕೆ ಅದು ಸದನ ನಿಂದನೆಯಾಗುವುದಿಲ್ಲ ಎಂದು. ನಮ್ಮ ಪಕ್ಕದ ತಮಿಳುನಾಡಿನಲ್ಲಿ 1987ರಲ್ಲಿ ಒಂದು ವ್ಯಂಗ್ಯಚಿತ್ರಕ್ಕಾಗಿ 'ಆನಂದ ವಿಕಟನ್' ಸಂಪಾದಕರನ್ನು ಜೈಲಿಗೆ ಕಳಿಸಿ, ಜನ ಸಿಟ್ಟಿಗೆದ್ದಾಗ ಬಿಡಬೇಕಾಯಿತು. 2003ರಲ್ಲಿ 'ದಿ ಹಿಂದೂ' ಪತ್ರಿಕೆಯವರಿಗೆ ಹದಿನೈದು ದಿನ ಶಿಕ್ಷೆ ಎಂದಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಷ್ಟನ್ನೆಲ್ಲ ಕಂಡ ಮೇಲೂ ನಮ್ಮ ಸದನ 2017ರಲ್ಲಿ ಅದೇ ದಾರಿ ಹಿಡಿಯಿತು.

194(3)ನೇ ವಿಧಿ ಹೇಳುವುದು, ಸದನದ ಹಕ್ಕುಬಾಧ್ಯತೆಗಳನ್ನು ಶಾಸನಸಭೆ ಕಾಯ್ದೆ ಮಾಡಿ ನಿರೂಪಿಸಬಹುದು, ಅಲ್ಲಿಯವರೆಗೆ ಹಳೆಯದು ನಡೆಯಲಿ ಎಂದು. ಆ "ಅಲ್ಲಿಯವರೆಗೆ" ಏಳು ದಶಕ ದಾಟಿದೆ. 1982ರಲ್ಲಿ ಎರಡನೇ ಪತ್ರಿಕಾ ಆಯೋಗ ಕಾಯ್ದೆ ಮಾಡಿ ಎಂದಿತು. 2002ರಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ನೇತೃತ್ವದ ಸಂವಿಧಾನ ಪರಾಮರ್ಶೆ ಆಯೋಗವೂ ಹಾಗೇ ಹೇಳಿತು. ಕಾಯ್ದೆ ಬರೆದರೆ ಅದಕ್ಕೆ ಗಡಿ ಬರುತ್ತದೆ, ಕೋರ್ಟು ಅದನ್ನು ಪರಿಶೀಲಿಸುತ್ತದೆ. ಬರೆಯದೆ ಬಿಟ್ಟಿರುವುದಕ್ಕೆ ಇದಲ್ಲದೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ.

"ಹಾಗಾದರೆ ಕೋರ್ಟಿಗೇ ಹೋಗುತ್ತೇವೆ" ಎಂದು ಕೆಲವರು ಹೋದರು. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಖಾಸಗಿ ದೃಶ್ಯಗಳಿವೆ ಎನ್ನಲಾದ ಸಿ.ಡಿ. ವಾಹಿನಿಗಳಲ್ಲಿ ಬಂದು ಅವರು ರಾಜೀನಾಮೆ ಕೊಟ್ಟ ಬೆನ್ನಿಗೆ ಆರು ಮಂದಿ ಸಚಿವರು ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಮಾನಹಾನಿಕರವಾದದ್ದೇನನ್ನೂ ಪ್ರಕಟಿಸದಂತೆ ಅರವತ್ತಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ತಾತ್ಕಾಲಿಕ ತಡೆಯಾಜ್ಞೆ ತಂದರು. ಒಬ್ಬರ ಮಲಗುವ ಕೋಣೆ ನಮ್ಮ ಸುದ್ದಿಯಾಗಬಾರದು, ಅಲ್ಲಿ ಅಧಿಕಾರದ ದುರ್ಬಳಕೆ ಇಲ್ಲದಿದ್ದರೆ. ಆ ದಿನಗಳಲ್ಲಿ ನಮ್ಮ ಕೆಲವು ವಾಹಿನಿಗಳು ನಡೆದುಕೊಂಡ ರೀತಿ ನಾಚಿಕೆಗೇಡಿನದು. ಆದರೆ ಇನ್ನೂ ಬರದ ಸುದ್ದಿಗೆ, ಅದು ನಿಜವೋ ಸುಳ್ಳೋ ಯಾರೂ ನೋಡುವ ಮುಂಚೆಯೇ, ಒಂದು ರಾಜ್ಯದ ಮಾಧ್ಯಮಕ್ಕೆಲ್ಲ ಒಟ್ಟಾಗಿ ಬೀಗ ಹಾಕುವುದು ಮಾನರಕ್ಷಣೆಯ ಮಿತಿಯನ್ನು ಮೀರಿದ್ದು. ಅಧಿಕಾರದಲ್ಲಿರುವವರು ತಮ್ಮ ಬಗೆಗಿನ ಬರಹವನ್ನು ಮೊದಲೇ ತಡೆಯುವಂತಿಲ್ಲ, ಪ್ರಕಟವಾದ ಮೇಲೆ ಪರಿಹಾರ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ 'ನಕ್ಕೀರನ್' ಪತ್ರಿಕೆಯ ಪ್ರಕರಣದಲ್ಲಿ ಹೇಳಿದೆ. ವಿಚಾರಣೆಗೆ ಮುನ್ನವೇ ಇಂಥ ತಡೆಯಾಜ್ಞೆ ಕೊಡುವಾಗ ಬಹಳ ಎಚ್ಚರ ಬೇಕು ಎಂದು 2024ರ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಮತ್ತೆ ನೆನಪಿಸಿತು. ದೊಡ್ಡ ಪತ್ರಿಕೆಗೆ ವಕೀಲರ ದಂಡೇ ಇರುತ್ತದೆ. ನಾಲ್ಕು ಜನರ ಪುಟ್ಟ ತಂಡವೊಂದು ತಡೆಯಾಜ್ಞೆ ತೆರವಿಗೆ ಅಲೆಯುತ್ತಾ ಕೂತರೆ ಸುದ್ದಿ ಮಾಡುವವರಾರು?

ಸದನದ ಒಳಗಿನ ಕ್ಯಾಮೆರಾ ವಿಷಯದಲ್ಲಿ ವಾದ ಹೀಗಿದೆ: "ಖಾಸಗಿ ವಾಹಿನಿಯವರು ಗದ್ದಲವನ್ನಷ್ಟೇ ತೋರಿಸುತ್ತಾರೆ. ಸಂಸತ್ತಿನಲ್ಲೂ ಸಂಸತ್ತಿನದೇ ಚಿತ್ರೀಕರಣ. ನಾವು ಕೊಡುವ ಫೀಡ್ ಸಾಕು." 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ನಿಷೇಧಿಸಿದ್ದು ಈ ಬಗೆಯ ವಾದದ ಮೇಲೆಯೇ. ಸಂಸತ್ತಿನ ಉದಾಹರಣೆ ನಿಜ. ಹಾಗಿದ್ದೂ ಒಂದು ದಿನವನ್ನು ನೆನಪಿಸುತ್ತೇನೆ. 2012ರ ಫೆಬ್ರವರಿ 7ರಂದು ಕಲಾಪದ ನಡುವೆ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಸೆರೆ ಹಿಡಿದದ್ದು ಗ್ಯಾಲರಿಯಲ್ಲಿದ್ದ ವಾಹಿನಿಯ ಕ್ಯಾಮೆರಾ. ಮರುದಿನ ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಮೂವರೂ ರಾಜೀನಾಮೆ ಕೊಟ್ಟರು. ಸಭಾಧ್ಯಕ್ಷರ ಅಧೀನದಲ್ಲಿ ನಡೆಯುವ ಚಿತ್ರೀಕರಣ ಮಾತಾಡುತ್ತಿರುವ ಸದಸ್ಯರ ಮೇಲೆ ನಿಂತಿರುತ್ತದೆ. ಪಕ್ಕದ ಕುರ್ಚಿಯಲ್ಲಿ ಏನು ನಡೆಯುತ್ತಿದೆ, ನೀರಾವರಿ ಚರ್ಚೆಯ ಹೊತ್ತಿಗೆ ಎಷ್ಟು ಕುರ್ಚಿ ಖಾಲಿ ಇವೆ ಎಂಬುದು ಆ ಚೌಕಟ್ಟಿನೊಳಗೆ ಬರುವುದಿಲ್ಲ. 2019ರಲ್ಲಿ ನಿಷೇಧ ಬಂದಾಗ ಸವದಿಯವರು ಉಪಮುಖ್ಯಮಂತ್ರಿ. ಅವರನ್ನು ಮತ್ತೆ ಮಂತ್ರಿ ಮಾಡುವುದು ಪಕ್ಷದ ಹಕ್ಕು. 2012ರಲ್ಲಿ ಕಂಡದ್ದನ್ನು ಇನ್ನೊಮ್ಮೆ ಕಾಣದ ಹಾಗೆ ಮಾಡುವ ಹಕ್ಕು ಯಾರಿಗೂ ಇಲ್ಲ.

ಈಗ ದುಡ್ಡಿನ ಪ್ರಶ್ನೆ. "ಸ್ವತಂತ್ರ ಎನ್ನುತ್ತೀರಿ, ನಿಮಗೆ ಹಣ ಕೊಡುವವರು ಯಾರು?"

ಇದು ನ್ಯಾಯವಾದ ಪ್ರಶ್ನೆ. ಕೇಳಲೇಬೇಕು. ಓದುಗರ ಚಂದಾ ಎಷ್ಟು, ಪ್ರತಿಷ್ಠಾನಗಳ ಅನುದಾನ ಎಷ್ಟು, ಹೂಡಿಕೆದಾರರು ಯಾರು ಎಂದು ಪ್ರತಿಯೊಂದು ಸ್ವತಂತ್ರ ಸಂಸ್ಥೆಯೂ ತನ್ನ ಪುಟದಲ್ಲೇ ಹೇಳಬೇಕು. ಹೇಳದವರನ್ನು ಓದುಗರು ಅನುಮಾನದಿಂದ ನೋಡಿದರೆ ತಪ್ಪಿಲ್ಲ. ಆದರೆ ಅದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳೋಣ. ಕನ್ನಡದ ಸುದ್ದಿ ವಾಹಿನಿಗಳನ್ನೇ ನೋಡಿ. ಕಸ್ತೂರಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ ಶುರು ಮಾಡಿದ್ದು. ಜನಶ್ರೀ ಬಳ್ಳಾರಿಯ ರೆಡ್ಡಿ ಬಳಗದ್ದಾಗಿತ್ತು. ಸಮಯ ಕೆಲಕಾಲ ಸತೀಶ ಜಾರಕಿಹೊಳಿ ಅವರ ಕೈಯಲ್ಲಿತ್ತು. ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಅವರ ಸಮೂಹದ್ದು. ಇಲ್ಲಿ ಕೆಲಸ ಮಾಡಿದ ಅನೇಕರು ಒಳ್ಳೆಯ ಪತ್ರಕರ್ತರು, ಅವರ ಮೇಲೆ ನನ್ನ ಆಕ್ಷೇಪವಿಲ್ಲ. ಮಾಲೀಕರ ಹೆಸರು ಬಂದಾಗ ಪೆನ್ನು ಎಷ್ಟು ದೂರ ಹೋಗುತ್ತದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಇನ್ನು ಸರ್ಕಾರಿ ಜಾಹೀರಾತು. ವಾರ್ತಾ ಇಲಾಖೆ ಹಂಚುವ ಹಣ ಸಾರ್ವಜನಿಕರ ತೆರಿಗೆ. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಗೆ ಗಣರಾಜ್ಯೋತ್ಸವ, ರಾಜ್ಯೋತ್ಸವದ ಜಾಹೀರಾತೇ ಆ ತಿಂಗಳ ಮುದ್ರಣದ ಖರ್ಚು. ಅದು ನಿಂತರೆ ಪತ್ರಿಕೆ ನಿಂತಿತು. ಹಾಗಾಗಿ ಉಸ್ತುವಾರಿ ಸಚಿವರ ವಿರುದ್ಧ ಬರೆಯುವ ಮುನ್ನ ಸಂಪಾದಕರು ಎರಡು ಸಲ ಯೋಚಿಸುತ್ತಾರೆ. ಯಾರೂ ಫೋನ್ ಮಾಡಿ ಬೆದರಿಸಬೇಕಾಗಿಲ್ಲ. 2022ರ ದೀಪಾವಳಿಗೆ ಮುಖ್ಯಮಂತ್ರಿ ಕಚೇರಿಯ ಕಡೆಯಿಂದ ಕೆಲವು ಪತ್ರಕರ್ತರಿಗೆ ಸಿಹಿಯ ಡಬ್ಬಿಯ ಜೊತೆ ಲಕ್ಷ, ಎರಡೂವರೆ ಲಕ್ಷ ರೂಪಾಯಿ ನಗದು ಬಂತೆಂಬ ಸುದ್ದಿ ಹೊರಬಿತ್ತು. ಲೋಕಾಯುಕ್ತಕ್ಕೆ ದೂರು ಹೋಯಿತು. ತಾವು ಯಾರಿಗೂ ಹಾಗೆ ಸೂಚಿಸಿಲ್ಲ ಎಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಆದರೆ ಡಬ್ಬಿ ವಾಪಸ್ ಕಳಿಸಿದ ಪತ್ರಕರ್ತರೂ ಇದ್ದರು, ಆ ಸುದ್ದಿ ಬಯಲಿಗೆ ಬರಲು ಅವರೇ ಕಾರಣ. ಹಣದ ಮೂಲದ ಬಗ್ಗೆ ನಿಜವಾದ ಕಾಳಜಿ ಇರುವ ಸರ್ಕಾರ, ಯಾವ ಪತ್ರಿಕೆಗೆ, ಯಾವ ವಾಹಿನಿಗೆ, ಯಾವ ಜಾಲತಾಣಕ್ಕೆ ಎಷ್ಟು ಜಾಹೀರಾತು ಕೊಟ್ಟಿತು ಎಂದು ಮೂರು ತಿಂಗಳಿಗೊಮ್ಮೆ ಮಾಹಿತಿ ಹಕ್ಕಿನ ಅರ್ಜಿಗೂ ಕಾಯದೆ ಪ್ರಕಟಿಸಲಿ.

ಪಿ. ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಎಂದರು. ವಾರ ವಾರ ಓದುಗರು ಕೊಟ್ಟ ಚಿಲ್ಲರೆ ಹಣದಿಂದ ಆ ಪತ್ರಿಕೆ ನಡೆಯಿತು. ಗುಂಡೂರಾವ್ ಸರ್ಕಾರ ಅದಕ್ಕೆ ಹೆದರುತ್ತಿತ್ತು. ಅದನ್ನು ಕೊಳ್ಳಲು ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದಲ್ಲಿ ಕಾದು ನಿಂತ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಕನ್ನಡದ ಓದುಗರು ನಿಷ್ಠುರ ಸುದ್ದಿಗೆ ಹಣ ಕೊಡುವುದಿಲ್ಲ ಎನ್ನುವವರು ಅವರನ್ನು ಕೇಳಲಿ.

"ನೀವು ವಿರೋಧ ಪಕ್ಷದ ಏಜೆಂಟರು. ಅವರ ಕಾಲದಲ್ಲಿ ಎಲ್ಲಿದ್ದಿರಿ?" ಇದಕ್ಕೆ ಒಂದು ಪ್ರಕರಣವನ್ನೇ ವಿವರವಾಗಿ ಮುಂದಿಡುತ್ತೇನೆ.

2022ರ ನವೆಂಬರ್‌ನಲ್ಲಿ 'ದಿ ನ್ಯೂಸ್ ಮಿನಿಟ್' ಮತ್ತು ಕನ್ನಡದ 'ಪ್ರತಿಧ್ವನಿ' ಎಂಬ ಎರಡು ಸ್ವತಂತ್ರ ಸಂಸ್ಥೆಗಳು ಜೊತೆಗೂಡಿ ಒಂದು ತನಿಖಾ ವರದಿ ಪ್ರಕಟಿಸಿದವು. ಚಿಲುಮೆ ಎಂಬ ಸಂಸ್ಥೆಗೆ ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಕಾರ್ಯಕ್ಕೆ ಬಿಬಿಎಂಪಿ ಅನುಮತಿ ಕೊಟ್ಟಿತ್ತು, ಉಚಿತವಾಗಿ ಮಾಡುತ್ತೇವೆ ಎಂದು ಸಂಸ್ಥೆ ಹೇಳಿತ್ತು. ಅದರ ಕಡೆಯವರು ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ತೂಗುಹಾಕಿಕೊಂಡು ಮನೆ ಮನೆಗೆ ಹೋದರು. ಜಾಗೃತಿಗೆ ಜಾತಿಯ ಹೆಸರು ಯಾಕೆ ಬೇಕು, ಮಾತೃಭಾಷೆ ಯಾಕೆ ಬೇಕು, ಆಧಾರ್ ಯಾಕೆ ಬೇಕು? ಅವೆಲ್ಲವನ್ನೂ ಅವರು ಕೇಳಿ ಬರೆದುಕೊಳ್ಳುತ್ತಿದ್ದರು. ಬಾಗಿಲು ತೆರೆದ ಗೃಹಿಣಿಗೆ ಎದುರಿಗೆ ನಿಂತವರು ಸರ್ಕಾರದವರೋ ಖಾಸಗಿಯವರೋ ತಿಳಿಯುವಂತಿರಲಿಲ್ಲ. ಇದನ್ನು ಹೊರಗೆಳೆಯಲು ವರದಿಗಾರರು ತಿಂಗಳುಗಳ ಕಾಲ ಅನುಮತಿ ಪತ್ರ, ಗುರುತಿನ ಚೀಟಿ, ಕೆಲಸ ಮಾಡಿದ ಹುಡುಗರ ಮಾತು ಎಲ್ಲವನ್ನೂ ಹೊಂದಿಸಿ ನೋಡಬೇಕಾಯಿತು. ಸುದ್ದಿ ಬಂದ ದಿನ ಆಗಿನ ಆಡಳಿತ ಪಕ್ಷದ ಬೆಂಬಲಿಗರು ಕಾಂಗ್ರೆಸ್ಸಿನ ಪಿತೂರಿ ಎಂದರು.

ಚುನಾವಣಾ ಆಯೋಗ ಹಾಗೆ ನೋಡಲಿಲ್ಲ. ಕೆಲವೇ ದಿನಗಳಲ್ಲಿ ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಿಗೆ ಆದೇಶಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಆ ವರ್ಷ ಸೇರಿಸಿದ, ತೆಗೆದ ಹೆಸರುಗಳನ್ನು ಮರುಪರಿಶೀಲಿಸಲು ಹೇಳಿತು. ಸಂಸ್ಥೆಯವರ ಬಂಧನಗಳಾದವು. ಚುನಾವಣೆಗೆ ಆರು ತಿಂಗಳಿತ್ತು. ತನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದು ಆ ದಿನಗಳಲ್ಲಿ ಮೊದಲ ಬಾರಿ ನೋಡಿಕೊಂಡ ಎಷ್ಟೋ ಬೆಂಗಳೂರಿಗರು ಯಾವ ಪಕ್ಷಕ್ಕೆ ಮತ ಹಾಕಿದರೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ. ಅವರಿಗೆ ಮತವಿದೆ ಎಂಬುದಷ್ಟೇ ಆ ವರದಿಯ ಕಾಳಜಿ.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಮರುವರ್ಷ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಬೇರೆ ಖಾತೆಗಳಿಗೆ ಹರಿದು ಹೋದ ವಿಷಯ, ಅಲ್ಲಿನ ನೌಕರರೊಬ್ಬರ ಆತ್ಮಹತ್ಯೆಯ ನಂತರ ಬಯಲಾಗಿ, ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ಪ್ರಶ್ನೆ ಮುಖ್ಯಮಂತ್ರಿಯವರ ಮನೆ ಬಾಗಿಲಿಗೇ ಬಂತು. ಸಾಕ್ಷ್ಯವಿಲ್ಲ ಎಂದು ಲೋಕಾಯುಕ್ತ ಪೊಲೀಸರು 2025ರಲ್ಲಿ ಹೇಳಿದಾಗ ಅದೂ ಸುದ್ದಿಯಾಯಿತು. 2022ರಲ್ಲಿ ನಮ್ಮನ್ನು ಹೊಗಳಿದ ಕೆಲವರು ಈಗ ಬಿಜೆಪಿಯ ಬಾಲಬಡುಕರು ಎನ್ನುತ್ತಾರೆ. ಆಗ ಬೈದವರು ಈಗ ನಮ್ಮ ವರದಿಯನ್ನು ಹಂಚುತ್ತಾರೆ. ವರದಿ ಸುಳ್ಳಿದ್ದರೆ ಯಾವ ಸಾಲು ಸುಳ್ಳು ಎಂದು ತೋರಿಸಿ. ಅದರಿಂದ ಯಾರಿಗೆ ಲಾಭವಾಯಿತು ಎಂಬುದು ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ.

"ಬರೀ ಕೆಟ್ಟದ್ದನ್ನೇ ಬರೆದು ರಾಜ್ಯದ ಹೆಸರು ಹಾಳು ಮಾಡುತ್ತೀರಿ, ಬಂಡವಾಳ ಹೂಡುವವರು ಹೆದರುತ್ತಾರೆ" ಎಂಬ ಮಾತಿಗೆ ಬಳ್ಳಾರಿಯೇ ಸಾಕು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಅಂದಾಜಿಸಿತು. ರಾಜ್ಯದ ಹೆಸರು ಹಾಳಾದದ್ದು ಬೇಲೇಕೇರಿ ಬಂದರಿನಿಂದ ಹೋದ ಅದಿರಿನಿಂದಲೋ, ಕೆಂಪು ದೂಳಿನ ರಸ್ತೆಯಲ್ಲಿ ಲಾರಿ ಎಣಿಸಿದ ವರದಿಗಾರನಿಂದಲೋ?

ರೋಲ್‌ಕಾಲ್, ಅಂದರೆ ಪತ್ರಕರ್ತರ ಹೆಸರಿನಲ್ಲಿ ನಡೆಯುವ ವಸೂಲಿಯ ವಿಷಯಕ್ಕೆ ಬರುತ್ತೇನೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಆಕ್ಷೇಪ, ಯಾಕೆಂದರೆ ಇದರಲ್ಲಿ ಸತ್ಯವಿದೆ. ಕೈಯಲ್ಲೊಂದು ಮೈಕು, ವಾಹನದ ಮೇಲೆ 'ಪ್ರೆಸ್' ಎಂಬ ಸ್ಟಿಕರು, ಒಂದು ಯೂಟ್ಯೂಬ್ ಚಾನೆಲ್ ಇಟ್ಟುಕೊಂಡು ಗ್ರಾಮ ಪಂಚಾಯಿತಿ ಪಿಡಿಒನಿಂದ ಹಿಡಿದು ಶಾಸಕರ ಆಪ್ತ ಸಹಾಯಕರ ತನಕ ವಸೂಲಿ ಮಾಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಂದ ಪ್ರಾಮಾಣಿಕ ಅಧಿಕಾರಿಗಳು ಅನುಭವಿಸಿದ ಕಿರುಕುಳ ಸಣ್ಣದಲ್ಲ. ಹೆದರಿಸಿ ಹಣ ಕೀಳುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ದೂರು ಕೊಡಿ, ಬಂಧಿಸಿ, ನಾವು ಅಡ್ಡ ಬರುವುದಿಲ್ಲ.

ಆದರೆ ರೋಲ್‌ಕಾಲ್‌ನವನ ಬಂಡವಾಳ ಯಾವುದು ಎಂದು ಯೋಚಿಸಿ. ಪ್ರಕಟವಾಗದ ಸುದ್ದಿ. ಅವನ ಹತ್ತಿರ ಇರುವ ವಿಡಿಯೋ, ಬಿಲ್ಲಿನ ಪ್ರತಿ ಹೊರಬಂದ ಕ್ಷಣ ಅದರ ಬೆಲೆ ಸೊನ್ನೆ. ಸಿಕ್ಕಿದ ದಾಖಲೆಯನ್ನು ಪರಿಶೀಲಿಸಿ, ಎದುರು ಪಕ್ಷದ ಉತ್ತರ ಕೇಳಿ, ಅಚ್ಚು ಹಾಕಿಬಿಡುವ ಪತ್ರಕರ್ತ ಇರುವ ಊರಿನಲ್ಲಿ ವಸೂಲಿದಾರನ ವ್ಯಾಪಾರ ಕುಸಿಯುತ್ತದೆ. ಇನ್ನೊಂದು ಪ್ರಶ್ನೆಯನ್ನು ನಾನು ಶಾಸಕ ಮಿತ್ರರನ್ನೇ ಕೇಳುತ್ತೇನೆ: ವಸೂಲಿಗೆ ಬಂದವನನ್ನು ಠಾಣೆಗೆ ಕಳಿಸದೆ ಲಕೋಟೆ ಕೊಟ್ಟು ಕಳಿಸುವವರು ಯಾರು, ಯಾಕೆ? ಅಂಥವನನ್ನು ಸಾಕಿ ಎದುರಾಳಿಯ ಮೇಲೆ ಬಿಡುವವರು ಯಾರು? ಕಾಯಿಲೆಯ ಹೆಸರು ಹೇಳಿ ಆರೋಗ್ಯವಂತನಿಗೆ ಬೇಡಿ ಹಾಕುವುದನ್ನು ಒಪ್ಪಲಾಗದು.

ಕಡೆಯದು ಈಗಿನ ಸರ್ಕಾರದ ವಾದ. "ಸುಳ್ಳು ಸುದ್ದಿ ಸಮಾಜವನ್ನು ಒಡೆಯುತ್ತಿದೆ. ಅದಕ್ಕೆ ಕಠಿಣ ಕಾಯ್ದೆ ಬೇಕು." ಸುಳ್ಳು ಸುದ್ದಿಯ ಹಾನಿಯನ್ನು ಕರಾವಳಿಯಲ್ಲಿ ಕಣ್ಣಾರೆ ಕಂಡವರು ಅದನ್ನು ಹಗುರವಾಗಿ ಕಾಣಲಾರರು. ಆದರೆ 2025ರ ಜೂನ್‌ನಲ್ಲಿ ಹೊರಬಂದ ಕರಡು ಮಸೂದೆಯನ್ನು ಓದಿ. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಯಾವುದು ಸುಳ್ಳು ಎಂದು ನೋಡುವ ಪ್ರಾಧಿಕಾರಕ್ಕೆ ವಾರ್ತಾ ಖಾತೆಯ ಸಚಿವರೇ ಅಧ್ಯಕ್ಷರು. ಇದು ಅಂತಿಮವಲ್ಲ ಎಂದು ಸರ್ಕಾರ ಹೇಳಿತು. ಆದರೆ ಅಂಥದ್ದೊಂದು ಬರೆದದ್ದೇ ಮನಸ್ಸನ್ನು ತೋರಿಸುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ತನ್ನ ಬಗೆಗಿನ ಸುದ್ದಿಯ ಸತ್ಯಾಸತ್ಯ ತಾನೇ ತೀರ್ಮಾನಿಸುವ ಘಟಕಕ್ಕೆ ನಿಯಮ ತಂದಾಗ ಇದು ಸೆನ್ಸಾರ್ ಎಂದು ಕಾಂಗ್ರೆಸ್ ಕೂಗಿತ್ತು, ಸರಿಯಾಗಿಯೇ ಕೂಗಿತ್ತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು. ದೆಹಲಿಯಲ್ಲಿ ತಪ್ಪಾದದ್ದು ಬೆಂಗಳೂರಿನಲ್ಲಿ ಸರಿಯಾಗುವುದು ಹೇಗೆ? ಚಿಲುಮೆ ವರದಿ ಬಂದ ಬೆಳಿಗ್ಗೆ ಇಂಥ ಪ್ರಾಧಿಕಾರ ಇದ್ದಿದ್ದರೆ, ಅಂದಿನ ಸಚಿವರು ಅದಕ್ಕೆ ಯಾವ ಮುದ್ರೆ ಒತ್ತುತ್ತಿದ್ದರು ಎಂದು ಇಂದಿನ ಸಚಿವರು ಊಹಿಸಲಿ.

ಈ ನಾಡಿನಲ್ಲಿ ಇದು ಹೊಸದೂ ಅಲ್ಲ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ಪತ್ರಿಕಾ ಕಾಯ್ದೆ ತಂದು ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕೆಂದಿತು. ಆಗಲೂ ಕೊಟ್ಟ ಕಾರಣ ಬೇಜವಾಬ್ದಾರಿ ಬರಹ. ತಾತಯ್ಯ ಎಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅಪ್ಪಣೆ ಬೇಡಿ ಬರೆಯುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂದು ಮಹಾರಾಜರ ಸರ್ಕಾರ, ಅದನ್ನು ಆರಿಸುವ ಮತ ಪ್ರಜೆಗಳಿಗಿರಲಿಲ್ಲ.

ಇಂದು 224 ಮಂದಿಯನ್ನು ನಾವೇ ಆರಿಸಿ ಕಳಿಸಿದ್ದೇವೆ. ಪತ್ರಿಕೆಯ ಬಗ್ಗೆ ಕಾಯ್ದೆ ಬರೆಯಲೇಬೇಕು ಎಂದು ಅವರಿಗೆ ಅನಿಸಿದ್ದರೆ, ಸಂವಿಧಾನವೇ ಅವಕಾಶ ಕೊಟ್ಟು ಬಾಕಿ ಉಳಿದಿರುವ ಕಾಯ್ದೆಯೊಂದಿದೆ. 194(3)ನೇ ವಿಧಿಯಡಿ ಸದನದ ಹಕ್ಕುಬಾಧ್ಯತೆಗಳು ಯಾವುವು, ಅವುಗಳ ಗಡಿ ಎಲ್ಲಿ, ಪತ್ರಕರ್ತನನ್ನು ಜೈಲಿಗೆ ಕಳಿಸುವ ಅಧಿಕಾರ ಅದರಲ್ಲಿ ಇಲ್ಲ ಎಂದು ಬರೆದು ಮುಂದಿನ ಅಧಿವೇಶನದಲ್ಲಿ ಮಂಡಿಸಲಿ. ಆ ಚರ್ಚೆಯ ದಿನ ಗ್ಯಾಲರಿಯಲ್ಲಿ ವಾಹಿನಿಗಳ ಕ್ಯಾಮೆರಾಗಳಿಗೂ ಜಾಗ ಕೊಡಲಿ.